ಡೈನೋ ಗ್ರಾಫನ್ನು ಕೆಳಗಿನಿಂದ ಓದಿ: ಮಾರ್ಪಡಿಸಿದ ಕಾರಿನ ಪವರ್ ಮತ್ತು ಇಂಧನ ಮಿಶ್ರಣ

ಕಾರಿಗೆ ಹೊಸ ಇಂಟೇಕ್, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪ್ ಹಾಕಿಸಿದ್ದೀರಿ. ಎಕ್ಸಾಸ್ಟ್ ಬದಲಾಗಿದೆ. ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಮತ್ತು ಕಿಡಿಗೆ ನೋಡುವ ಪಟ್ಟಿ, ಅಂದರೆ ಮ್ಯಾಪ್ ಕೂಡ ಹೊಸದು. ಕಾರಿನ ಪವರ್ ಅಳೆಯುವ ಯಂತ್ರವಾದ ಡೈನೋ ಮೇಲೆ ಗಾಡಿ ಓಡಿಸಿ ಕೈಗೊಂದು ಪ್ರಿಂಟ್ ಕೊಟ್ಟಿದ್ದಾರೆ. ಕಣ್ಣು ಸೀದಾ ಹೋಗುವುದು ಮೇಲ್ತುದಿಯ ದೊಡ್ಡ ಸಂಖ್ಯೆಗೆ, ಅಲ್ವಾ?

ನನ್ನ ಕಣ್ಣೂ ಅಲ್ಲಿಗೇ ಹೋಗಿತ್ತು. ನನ್ನ ಮೊದಲ ಪ್ರಿಂಟಿನಲ್ಲಿ 11 ಹಾರ್ಸ್‌ಪವರ್ ಜಾಸ್ತಿ ಬಂದಿತ್ತು. ಖುಷಿಯಲ್ಲಿ ಕಾಗದ ಮಡಚಿ ಜೇಬಿಗಿಟ್ಟೆ. ಅದೇ ಕಾಗದದ ಕೆಳಭಾಗದಲ್ಲಿ ಇನ್ನೊಂದು ತೆಳ್ಳನೆಯ ಗೆರೆ ಇತ್ತು. 5000 ಆರ್‌ಪಿಎಂವರೆಗೆ ನೆಟ್ಟಗೆ ಹೋಗಿ, ಆಮೇಲೆ ನಿಧಾನವಾಗಿ ಮೇಲಕ್ಕೆ ಹತ್ತುತ್ತಿತ್ತು. ಗಾಳಿ ಮತ್ತು ಪೆಟ್ರೋಲ್ ಮಿಶ್ರಣದ ಗೆರೆ ಅದು. ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ವಾರ ಕಳೆದ ಮೇಲೆ ಏರು ಹತ್ತುವಾಗ ಎಂಜಿನ್ ಕಟಕಟ ಎನ್ನತೊಡಗಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆಗಳು. ಪಿಸ್ಟನ್ನಿನ ಅಲ್ಯೂಮಿನಿಯಂ ಅದು.

ಅಂದಿನಿಂದ ನಾನು ಡೈನೋ ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೊದಲು ಮಿಶ್ರಣ, ಆಮೇಲೆ ಟಾರ್ಕ್ (ತಿರುಗಿಸುವ ಬಲ), ಕೊನೆಗೆ ಹಾರ್ಸ್‌ಪವರ್. ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ. ಗೆರೆಗಳಿಗೆ ಹೋಗುವ ಮುಂಚೆ ಒಂದು ಸಣ್ಣ ಕೆಲಸ ಇದೆ.

ಹೆಜ್ಜೆ 1: ಅಳೆದದ್ದು ಹೇಗೆ ಎಂದು ನೋಡಿ

ಕಾಗದದ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಕೆಲವು ವಿವರಗಳಿರುತ್ತವೆ. ಡೈನೋ ಯಾವ ಬಗೆಯದು, ಯಾವ ಗೇರ್, ಯಾವ ಕರೆಕ್ಷನ್, ಎಷ್ಟು ಸ್ಮೂತಿಂಗ್. ಇವು ಇಲ್ಲದಿದ್ದರೆ ಕೇಳಿ ಬರೆದುಕೊಳ್ಳಿ.

ರೋಲರ್ ಡೈನೋಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಭಾರವಾದ ಡ್ರಮ್ ಇರುತ್ತದೆ. ಅದನ್ನು ನಿಮ್ಮ ಚಕ್ರ ಎಷ್ಟು ಬೇಗ ತಿರುಗಿಸಿ ವೇಗಕ್ಕೆ ತರುತ್ತದೆ ಎಂಬುದರಿಂದ ಪವರ್ ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ ವಿದ್ಯುತ್ ಬ್ರೇಕ್ ಇರುತ್ತದೆ. ಅದು ಚಕ್ರದ ವೇಗ ಏರದಂತೆ ಹಿಡಿದಿಡಬಲ್ಲದು. ಎಂಜಿನ್ನನ್ನು ಒಂದೇ ಆರ್‌ಪಿಎಂನಲ್ಲಿ ಹಿಡಿದಿಟ್ಟು ಮಿಶ್ರಣ ಸರಿಮಾಡಲು ಈ ಎರಡನೆಯದೇ ಬೇಕು. ಚಕ್ರ ಬಿಚ್ಚಿ ನೇರ ಹಬ್‌ಗೆ ಜೋಡಿಸುವ ಡೈನೋಗಳೂ ಇವೆ. ಅಲ್ಲಿ ಟೈರ್ ಜಾರುವ ತಲೆನೋವು ಇರುವುದಿಲ್ಲ. ಒಂದೇ ಕಾರು ಈ ಮೂರರ ಮೇಲೆ ಮೂರು ಬೇರೆ ಸಂಖ್ಯೆ ತೋರಿಸಬಹುದು, ಮೂರೂ ಅದರದರ ಮಟ್ಟಿಗೆ ಸರಿಯೇ.

ಕರೆಕ್ಷನ್ ಎಂದರೆ ಆ ದಿನದ ಗಾಳಿಯ ಲೆಕ್ಕ. ಬಿಸಿ ಗಾಳಿ ತೆಳು, ತಣ್ಣನೆ ಗಾಳಿ ದಟ್ಟ. ಅದಕ್ಕೇ ಅಳೆದ ಪವರನ್ನು ಒಂದು ಗೊತ್ತಾದ ಹವಾಮಾನಕ್ಕೆ ಹೊಂದಿಸುತ್ತಾರೆ. ಎಸ್‌ಎಇ ಜೆ1349 ಪದ್ಧತಿಯಲ್ಲಿ ಅದು 25 ಡಿಗ್ರಿ ಸೆಲ್ಸಿಯಸ್ ಮತ್ತು 99 ಕಿಲೋಪಾಸ್ಕಲ್ ಒಣ ಗಾಳಿ. ಎಸ್‌ಟಿಡಿ ಎಂದು ಬರೆದಿರುವ ಹಳೆಯ ಪದ್ಧತಿ ಇನ್ನೂ ತಣ್ಣನೆಯ ಗಾಳಿಯನ್ನು ಆಧಾರ ಮಾಡಿಕೊಳ್ಳುತ್ತದೆ. ಅದರಲ್ಲಿ ಅದೇ ರನ್ (ಡೈನೋ ಮೇಲಿನ ಒಂದು ಓಟ) ಸುಮಾರು 4 ಶೇಕಡಾ ಜಾಸ್ತಿ ತೋರುತ್ತದೆ. ಹಳೆಯ ಪ್ರಿಂಟ್ ಎಸ್‌ಎಇ, ಹೊಸದು ಎಸ್‌ಟಿಡಿ ಆಗಿದ್ದರೆ 150 ಹಾರ್ಸ್‌ಪವರ್ ಕಾರಿಗೆ ಏನೂ ಮಾಡದೆ 6 ಹಾರ್ಸ್‌ಪವರ್ ಬಂದ ಹಾಗೆ ಕಾಣುತ್ತದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಾರುಗಳಲ್ಲಿ ಇನ್ನೂ ಎಚ್ಚರ ಬೇಕು. ಹಾಗೆ ತುಂಬಿದ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಹೊರಗಿನ ಗಾಳಿ ತೆಳುವಾದರೂ ಬೂಸ್ಟ್ ಕಂಟ್ರೋಲ್ ಟರ್ಬೊವನ್ನು ಜಾಸ್ತಿ ತಿರುಗಿಸಿ ಒಳಗಿನ ಒತ್ತಡ ಸರಿದೂಗಿಸಿಕೊಳ್ಳುತ್ತದೆ. ಅದರ ಮೇಲೆ ಮತ್ತೆ ಪೂರ್ತಿ ಕರೆಕ್ಷನ್ ಹಾಕಿದರೆ ಸಂಖ್ಯೆ ಉಬ್ಬುತ್ತದೆ. ಟರ್ಬೊ ಗಾಡಿಯಾದರೆ ಕರೆಕ್ಷನ್ ಇಲ್ಲದ ಪ್ರಿಂಟನ್ನೂ ಒಂದು ಕೇಳಿ ತೆಗೆದುಕೊಳ್ಳಿ.

ಸ್ಮೂತಿಂಗ್ ಆದಷ್ಟು ಕಡಿಮೆ ಇರಲಿ. ಗೆರೆ ನುಣುಪಾಗಿ ಕಂಡರೆ ಚೆಂದ, ಆದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಉರಿಯದೆ ಹೋಗುವುದು) ತೋರಿಸುವ ಸಣ್ಣ ಹಲ್ಲುಗಳು ಆ ನುಣುಪಿನಲ್ಲೇ ಮುಚ್ಚಿಹೋಗುತ್ತವೆ.

ಹೆಜ್ಜೆ 2: ಮಿಶ್ರಣದ ಗೆರೆ

ಇದು ಈ ಕಾಗದದ ಜೀವ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಅನುಪಾತಕ್ಕೆ ಎಎಫ್‌ಆರ್ ಎನ್ನುತ್ತಾರೆ. ಗಾಳಿ ಇದಕ್ಕಿಂತ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಆದರೆ 14.7 ಶುದ್ಧ ಪೆಟ್ರೋಲಿನ ಸಂಖ್ಯೆ. 10 ಶೇಕಡಾ ಎಥನಾಲ್ ಬೆರೆತರೆ ಅದು 14.1ರ ಹತ್ತಿರ ಬರುತ್ತದೆ. ಬಹುಪಾಲು ಎಥನಾಲೇ ಇರುವ ಇ85 ಇಂಧನಕ್ಕೆ ಸುಮಾರು 9.8. ಶುದ್ಧ ಎಥನಾಲಿಗೆ 9. ಇಂಧನ ಬದಲಾದ ಹಾಗೆ ಸಂಖ್ಯೆ ಬದಲಾದರೆ ಗೊಂದಲ ತಾನೇ? ಆದ್ದರಿಂದ ಲ್ಯಾಂಬ್ಡಾದಲ್ಲಿ ಓದುವುದು ಒಳ್ಳೆಯದು. ಅಳೆದ ಎಎಫ್‌ಆರ್ ಅನ್ನು ಆ ಇಂಧನದ ಸರಿ ಅನುಪಾತದಿಂದ ಭಾಗಿಸಿದರೆ ಲ್ಯಾಂಬ್ಡಾ. ಯಾವ ಇಂಧನವೇ ಇರಲಿ, 1 ಎಂದರೆ ಸರಿಸಮ, 1ಕ್ಕಿಂತ ಮೇಲೆ ಲೀನ್, ಕೆಳಗೆ ರಿಚ್. ಎಕ್ಸಾಸ್ಟಿನ ಸೆನ್ಸರ್ ನಿಜವಾಗಿ ತಿಳಿದುಕೊಳ್ಳುವುದೂ ಲ್ಯಾಂಬ್ಡಾವನ್ನೇ. ಮೀಟರ್ ಅದನ್ನು 14.7ರಿಂದ ಗುಣಿಸಿ ಎಎಫ್‌ಆರ್ ಎಂದು ತೋರಿಸುತ್ತದೆ, ಅಷ್ಟೇ. ಹಾಗಾಗಿ ಇ85 ಹಾಕಿದ ಗಾಡಿಯಲ್ಲೂ ಮೀಟರ್ 11.8 ತೋರಿಸಿದರೆ ಅದರ ಅರ್ಥ ಲ್ಯಾಂಬ್ಡಾ 0.80.

ಎಷ್ಟಿರಬೇಕು? ಸಾಧಾರಣ ವೇಗದಲ್ಲಿ ಹೋಗುವಾಗ ಇಸಿಯು ಲ್ಯಾಂಬ್ಡಾ 1ರ ಆಸುಪಾಸಿನಲ್ಲೇ ಇಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಥೆ ಬೇರೆ. ಟರ್ಬೊ ಇಲ್ಲದ ಎಂಜಿನ್ ಸಾಮಾನ್ಯವಾಗಿ 0.86ರಿಂದ 0.90ರ ನಡುವೆ ಚೆನ್ನಾಗಿ ಎಳೆಯುತ್ತದೆ. ಪೆಟ್ರೋಲ್ ಅಳತೆಯಲ್ಲಿ ಹೇಳುವುದಾದರೆ 12.6ರಿಂದ 13.2. ಟರ್ಬೊ ಎಂಜಿನ್ ಬಿಸಿ ಜಾಸ್ತಿ, ಒತ್ತಡವೂ ಜಾಸ್ತಿ. ಅಲ್ಲಿ 0.78ರಿಂದ 0.82 ಇಡುವುದು ವಾಡಿಕೆ, ಅಂದರೆ 11.5ರಿಂದ 12. ಹೆಚ್ಚಿನ ಪೆಟ್ರೋಲ್ ಆವಿಯಾಗುವಾಗ ಒಳಗಿನ ಬಿಸಿ ಹೀರಿಕೊಂಡು ನಾಕಿಂಗ್ ತಡೆಯುತ್ತದೆ, ಅಂದರೆ ಮಿಶ್ರಣ ತಾನಾಗಿ ಸಿಡಿದು ಕಟಕಟ ಎನ್ನುವುದನ್ನು. ಇವು ಶುರುಮಾಡುವ ಸಂಖ್ಯೆಗಳು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳು ಇನ್ನೂ ಸ್ವಲ್ಪ ಲೀನ್ ಆಗಿಯೇ ನೆಮ್ಮದಿಯಾಗಿ ಓಡಬಲ್ಲವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೀನ್ ಮಾಡಿ ಪವರ್ ತೆಗೆಯುತ್ತೇನೆ ಎನ್ನುವವರ ಮಾತಿಗೆ ಬೀಳಬೇಡಿ. 0.85ಕ್ಕೂ 0.90ಕ್ಕೂ ನಡುವೆ ಸಿಗುವ ಪವರ್ ವ್ಯತ್ಯಾಸ ತೀರಾ ಕಡಿಮೆ. ಆ ಜಾಗದಲ್ಲಿ ಎಂಜಿನ್ ಮಿಶ್ರಣದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ ಎರಡು ಡಿಗ್ರಿ ಆಚೀಚೆ ಆದರೆ ಅದಕ್ಕಿಂತ ಜಾಸ್ತಿ ಫರಕು ಬೀಳಬಹುದು. ಎರಡು ಹಾರ್ಸ್‌ಪವರ್ ಆಸೆಗೆ ಪಿಸ್ಟನ್ ಪಣಕ್ಕಿಡುವುದು ನನ್ನ ಪ್ರಕಾರ ತಪ್ಪು. ಹಾಗೆಂದು ತುಂಬಾ ರಿಚ್ ಕೂಡ ಕ್ಷೇಮವಲ್ಲ. ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಎಂಜಿನ್ ಆಯಿಲ್ ತೆಳುವಾಗುತ್ತದೆ.

ಸೆನ್ಸರ್ ಎಲ್ಲಿತ್ತು ಎಂದು ಕೇಳಿ

ಗೆರೆ ನಂಬುವ ಮೊದಲು ಇದನ್ನು ಕೇಳಲೇಬೇಕು. ಸೈಲೆನ್ಸರ್ ತುದಿಯಲ್ಲಿ ಪೈಪ್ ತೂರಿಸಿ ಅಳೆದರೆ ಹೊರಗಿನ ಗಾಳಿ ಬೆರೆತು ಸ್ವಲ್ಪ ಲೀನ್ ಆಗಿ ಕಾಣುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ದಾಟಿ ಬಂದ ಹೊಗೆಯ ಸ್ವರೂಪವೇ ಬದಲಾಗಿರುತ್ತದೆ. ಎಷ್ಟು ಲೀನ್, ಎಷ್ಟು ರಿಚ್ ಎಂದು ಅಳೆಯಬಲ್ಲ ವೈಡ್‌ಬ್ಯಾಂಡ್ ಸೆನ್ಸರನ್ನು ಕನ್ವರ್ಟರಿಗೆ ಮುಂಚೆ ಕೂರಿಸುವುದೇ ಸರಿ. ಕಾರಿನ ಜೊತೆ ಬಂದ ಹಳೆಯ ನ್ಯಾರೋಬ್ಯಾಂಡ್ ಸೆನ್ಸರ್ ಈ ಕೆಲಸಕ್ಕೆ ಬಾರದು. ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಂದಾಗ ಅದರ ಕೆಲಸ ಮಿಶ್ರಣ 1ರ ಆಚೆಗಿದೆಯೋ ಈಚೆಗಿದೆಯೋ ಎಂದು ಹೇಳುವುದು. ನ್ಯಾರೋಬ್ಯಾಂಡ್ ಇವತ್ತಿಗೂ ಅಷ್ಟನ್ನೇ ಹೇಳುತ್ತದೆ. ಎಷ್ಟು ಆಚೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ತಡವಾಗುವ ಸಮಸ್ಯೆಯೂ ಇದೆ. ಹೊಗೆ ಸಿಲಿಂಡರಿನಿಂದ ಸೆನ್ಸರಿಗೆ ತಲುಪಲು ಹೊತ್ತು ಬೇಕು. ಎಂಜಿನ್ ಸೆಕೆಂಡಿಗೆ 500 ಆರ್‌ಪಿಎಂ ಏರುತ್ತಿದ್ದು, ಸೆನ್ಸರ್ ಅರ್ಧ ಸೆಕೆಂಡ್ ತಡವಾಗಿದ್ದರೆ, 4250ರಲ್ಲಿ ಕಂಡ ಲೀನ್ ನಿಜವಾಗಿ 4000ದಲ್ಲಿ ಆಗಿದ್ದು. ಮ್ಯಾಪಿನಲ್ಲಿ ತಪ್ಪು ಜಾಗಕ್ಕೆ ಪೆಟ್ರೋಲ್ ಸುರಿಯುವುದು ಹೀಗೇ.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ಸೆನ್ಸರ್ ನೋಡುವುದು ಆಮ್ಲಜನಕವನ್ನು. ಮಿಸ್‌ಫೈರ್ ಆದರೆ ಪೆಟ್ರೋಲೂ ಉರಿಯಲಿಲ್ಲ, ಆಮ್ಲಜನಕವೂ ಉಳಿಯಿತು. ಸೆನ್ಸರ್ ಅದನ್ನು ಲೀನ್ ಎನ್ನುತ್ತದೆ. ಸೆನ್ಸರಿಗೆ ಮುಂಚೆ ಎಕ್ಸಾಸ್ಟ್ ಸೋರಿದರೂ ಅದೇ ಕಥೆ. ಇಂಥ ಲೀನ್ ನೋಡಿ ಪೆಟ್ರೋಲ್ ಜಾಸ್ತಿ ಮಾಡಿದರೆ ತೊಂದರೆ ಇನ್ನೂ ಬೆಳೆಯುತ್ತದೆ.

ಗೆರೆಯ ಆಕಾರ ಏನು ಹೇಳುತ್ತದೆ

ಎಎಫ್‌ಆರ್ ಅಥವಾ ಲ್ಯಾಂಬ್ಡಾ ಗೆರೆ ಮೇಲೆ ಹೋದರೆ ಲೀನ್, ಕೆಳಗೆ ಬಂದರೆ ರಿಚ್. ರನ್ ಶುರುವಿನಲ್ಲಿ ಆಕ್ಸಿಲರೇಟರ್ ಒತ್ತಿದ ಕ್ಷಣ ಒಂದು ಸಣ್ಣ ಮೊನೆ ಇದ್ದರೆ ಗಾಬರಿ ಬೇಡ. ಕೊನೆಯಲ್ಲಿ ಕಾಲು ತೆಗೆದಾಗ ಇಸಿಯು ಪೆಟ್ರೋಲ್ ನಿಲ್ಲಿಸುವುದರಿಂದ ಗೆರೆ ಕಾಗದದ ಆಚೆಗೇ ಹಾರುತ್ತದೆ. ಅದನ್ನೂ ಬಿಟ್ಟುಬಿಡಿ. ನಡುವಿನದ್ದೇ ಮುಖ್ಯ.

ಆರ್‌ಪಿಎಂ ಏರಿದಂತೆ ಗೆರೆ ನಿಧಾನವಾಗಿ ಲೀನ್ ಕಡೆಗೆ ಹತ್ತುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಮೊದಲು ಅನುಮಾನ ಪಡಿ. ನನ್ನ ಕಾರಿನಲ್ಲಿ ಆಗಿದ್ದು ಇದೇ. 0.87ರಲ್ಲಿದ್ದ ಗೆರೆ 6500ಕ್ಕೆ ಬರುವಷ್ಟರಲ್ಲಿ 0.96 ಮುಟ್ಟಿತ್ತು. ಕಾರಣ ಅರ್ಧ ಕಟ್ಟಿಕೊಂಡ ಫ್ಯೂಯೆಲ್ ಫಿಲ್ಟರ್. ನಿಧಾನಕ್ಕೆ ಓಡಿಸುವಾಗ ಅದು ಸಾಕಾಗುತ್ತಿತ್ತು. ಪೂರ್ತಿ ಪೆಟ್ರೋಲ್ ಬೇಕಾದಾಗ ಮಾತ್ರ ಕೈಕೊಡುತ್ತಿತ್ತು.

ಇಲ್ಲಿ ಮೂರು ಲೆಕ್ಕ ಹಾಕಿ ನೋಡಿ. ಮೊದಲನೆಯದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ತೆರೆದಿರುವ ಮಿಲಿಸೆಕೆಂಡನ್ನು ಆರ್‌ಪಿಎಂನಿಂದ ಗುಣಿಸಿ 1200ರಿಂದ ಭಾಗಿಸಿ. 6500 ಆರ್‌ಪಿಎಂನಲ್ಲಿ 16 ಮಿಲಿಸೆಕೆಂಡ್ ಇದ್ದರೆ ಸುಮಾರು 87 ಶೇಕಡಾ ಬರುತ್ತದೆ. 85 ದಾಟಿದರೆ ಇಂಜೆಕ್ಟರ್ ಚಿಕ್ಕದಾಯಿತು ಎಂದೇ ಅರ್ಥ. ಇನ್ನು ಮ್ಯಾಪಿನಲ್ಲಿ ಎಷ್ಟು ಸೇರಿಸಿದರೂ ಸಿಗುವುದು ಅಷ್ಟಕ್ಕಷ್ಟೆ.

ಎರಡನೆಯದು ಪೆಟ್ರೋಲ್ ಒತ್ತಡ. ಇಂಜೆಕ್ಟರಿನಿಂದ ಬರುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಒತ್ತಡ 3 ಬಾರ್‌ನಿಂದ 2.5ಕ್ಕೆ ಬಿದ್ದರೆ ಪೆಟ್ರೋಲ್ ಸುಮಾರು 9 ಶೇಕಡಾ ಕಡಿಮೆ. 0.80 ಇದ್ದ ಲ್ಯಾಂಬ್ಡಾ 0.88ರ ಹತ್ತಿರ ಹೋಗುತ್ತದೆ. ಟರ್ಬೊ ಗಾಡಿಯಲ್ಲಿ ಇಂಟೇಕಿನ ಒತ್ತಡ ಏರಿದಷ್ಟೇ ಪೆಟ್ರೋಲ್ ಒತ್ತಡವೂ ಏರಬೇಕು. 1 ಬಾರ್ ಬೂಸ್ಟ್ ಇದ್ದರೆ 3 ಇದ್ದದ್ದು 4 ಆಗಬೇಕು. ಪೆಟ್ರೋಲ್ ಒತ್ತಡ ಕಾಯುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿದ್ದರೆ ಅದು 3ರಲ್ಲೇ ನಿಂತು, ಪೆಟ್ರೋಲ್ 18 ಶೇಕಡಾ ಕಡಿಮೆಯಾಗುತ್ತದೆ. ಒಂದು ಚಿಕ್ಕ ರಬ್ಬರ್ ಪೈಪಿನಿಂದ ಎಂಜಿನ್ ಹೋದ ಉದಾಹರಣೆಗಳು ಹೀಗೇ ಹುಟ್ಟುವುದು. ಡೈನೋ ದಿನ ಒತ್ತಡದ ಸೆನ್ಸರನ್ನೂ ಲಾಗ್ ಮಾಡಿಸಿ.

ಮೂರನೆಯದು ಗಾಳಿ ಅಳೆಯುವ ಎಂಎಎಫ್ ಸೆನ್ಸರ್. ಅದು ಕೂತಿರುವ ಪೈಪಿನ ಅಳತೆಯನ್ನು ಇಸಿಯು ಬಾಯಿಪಾಠ ಮಾಡಿಕೊಂಡಿರುತ್ತದೆ. 65 ಮಿಲಿಮೀಟರ್ ಪೈಪಿನ ಜಾಗಕ್ಕೆ 70ರ ಪೈಪ್ ಹಾಕಿದರೆ ಬಾಯಿ 16 ಶೇಕಡಾ ಅಗಲವಾಯಿತು. ಅಷ್ಟೇ ಗಾಳಿ ಹೋದರೂ ಸೆನ್ಸರ್ ಎದುರು ಅದು ನಿಧಾನವಾಗಿ ಹೋಗುತ್ತದೆ. ಗಾಳಿ ಕಡಿಮೆ ಎಂದು ತಿಳಿದು ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತದೆ. ಇಲ್ಲಿ ಲೀನ್ ಕೊನೆಯಲ್ಲಿ ಮಾತ್ರ ಇರುವುದಿಲ್ಲ, ಗೆರೆ ಇಡೀ ಮೇಲಕ್ಕೆ ಸರಿದಿರುತ್ತದೆ. ಫಿಲ್ಟರ್ ತೊಂದರೆಗೂ ಇದಕ್ಕೂ ಇರುವ ವ್ಯತ್ಯಾಸ ಆ ಆಕಾರದಲ್ಲೇ ಕಾಣುತ್ತದೆ.

ಕಾರಣ ಸಿಕ್ಕ ಮೇಲೆ ತಿದ್ದುವ ಲೆಕ್ಕ ಸುಲಭ. ಅಳೆದ ಲ್ಯಾಂಬ್ಡಾವನ್ನು ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. 0.88 ಬಂದಿದೆ, 0.80 ಬೇಕು ಎಂದರೆ 1.10. ಅಂದರೆ ಆ ಜಾಗದಲ್ಲಿ 10 ಶೇಕಡಾ ಜಾಸ್ತಿ ಪೆಟ್ರೋಲ್. ಪಂಪ್ ಸೋತಿದ್ದರೆ ಮಾತ್ರ ಈ ಲೆಕ್ಕ ಹಾಕಬೇಡಿ, ಪಂಪ್ ಬದಲಾಯಿಸಿ.

ಹೆಜ್ಜೆ 3: ಟಾರ್ಕ್ ಗೆರೆಯನ್ನು ಮಿಶ್ರಣದ ಪಕ್ಕದಲ್ಲಿಟ್ಟು ನೋಡಿ

ಟಾರ್ಕ್ ಗೆರೆಯಲ್ಲಿ ಒಂದು ತಗ್ಗು ಕಂಡರೆ ಬೆರಳಿಟ್ಟು ನೇರ ಕೆಳಗಿಳಿಯಿರಿ. ಅದೇ ಆರ್‌ಪಿಎಂನಲ್ಲಿ ಮಿಶ್ರಣ ಏನಾಗಿದೆ?

ಮಿಶ್ರಣವೂ ಲೀನ್ ಆಗಿದ್ದರೆ ಪೆಟ್ರೋಲ್ ದಾರಿ ಹುಡುಕಿ. ಎರಡೂ ಗೆರೆಗಳು ಗರಗಸದ ಹಲ್ಲಿನ ಹಾಗೆ ಚುಚ್ಚಿಕೊಂಡಿದ್ದರೆ ಅದು ಮಿಸ್‌ಫೈರ್. ಬೂಸ್ಟ್ ಏರಿಸಿದ ಗಾಡಿಯಲ್ಲಿ ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಹಳೆಯದೇ ಉಳಿದಿದ್ದರೆ ಕಿಡಿ ಆರಿಹೋಗುತ್ತದೆ. ಗ್ಯಾಪನ್ನು 0.7 ಮಿಲಿಮೀಟರ್ ಸುತ್ತಮುತ್ತ ತಂದು ಇನ್ನೊಂದು ರನ್ ಮಾಡಿ.

ಮಿಶ್ರಣ ನೆಟ್ಟಗಿದ್ದು ಟಾರ್ಕ್ ಮಾತ್ರ ಬಿದ್ದಿದ್ದರೆ ಪೆಟ್ರೋಲ್ ಮುಟ್ಟಲೇಬೇಡಿ. ಇಗ್ನಿಷನ್ ಟೈಮಿಂಗ್ ಲಾಗ್ ನೋಡಿ. ನಾಕ್ ಸೆನ್ಸರಿಗೆ ಸದ್ದು ಕೇಳಿ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆದಿರಬಹುದು. ಬೂಸ್ಟ್ ಗೆರೆಯನ್ನೂ ನೋಡಿ. ಚಿಕ್ಕ ಟರ್ಬೊ ಮೇಲಿನ ಆರ್‌ಪಿಎಂನಲ್ಲಿ ಉಸಿರುಗಟ್ಟಿ ಬೂಸ್ಟ್ ಇಳಿಸುವುದು ಸಹಜ. ಅದರ ಜೊತೆ ಟಾರ್ಕ್ ಇಳಿಯುವುದೂ ಸಹಜ.

ಕೆಲವು ಸಲ ತಪ್ಪು ಎಂಜಿನ್ನಿನದ್ದೇ ಅಲ್ಲ. ಕ್ಲಚ್ ಜಾರಿದರೂ ಟಾರ್ಕ್ ಬೀಳುತ್ತದೆ. ಒಂದೇ ಗೇರಿನಲ್ಲಿ 3000 ಆರ್‌ಪಿಎಂಗೆ 60 ಕಿಲೋಮೀಟರ್ ವೇಗ ಇದ್ದರೆ 6000ಕ್ಕೆ 120 ಇರಬೇಕು. 114 ಇದ್ದರೆ ಏನೋ ಜಾರುತ್ತಿದೆ. ಟೈರ್ ಇರಬಹುದು, ಕ್ಲಚ್ ಇರಬಹುದು. ಕಾರನ್ನು ಡೈನೋಗೆ ಕಟ್ಟಿದ ಪಟ್ಟಿ ಬಿಗಿಮಾಡಿ, ಟೈರ್ ಗಾಳಿ ನೋಡಿ ಮತ್ತೆ ಓಡಿಸಿ. ಆಗಲೂ ಹಾಗೇ ಇದ್ದರೆ ಹೆಚ್ಚಾಗಿ ಅದು ಕ್ಲಚ್ಚೇ.

ರೋಲರ್ ಡೈನೋ ಪವರನ್ನು ರೋಲರಿನಲ್ಲೇ ಅಳೆದು ತಿಳಿಯುತ್ತದೆ. ಎಂಜಿನ್ ಟಾರ್ಕ್ ಸಿಗುವುದು ಆ ಪವರನ್ನು ಆರ್‌ಪಿಎಂನಿಂದ ಭಾಗಿಸಿ. ಆದ್ದರಿಂದ ಆರ್‌ಪಿಎಂ ಸಿಗ್ನಲ್ ತಪ್ಪಿದ್ದರೆ ಹಾರ್ಸ್‌ಪವರ್ ಸರಿ ಇದ್ದೂ ಟಾರ್ಕ್ ಸುಳ್ಳಾಗಬಹುದು. ರೆಡ್‌ಲೈನ್ ಎಲ್ಲಿ ಬಿದ್ದಿದೆ ಎಂದು ಕಾಗದದಲ್ಲಿ ನೋಡಿ. ನಿಮ್ಮ ಕಾರಿನ ಲಿಮಿಟರ್ ಜೊತೆ ಹೊಂದದಿದ್ದರೆ ಸಿಗ್ನಲ್ ತಪ್ಪಾಗಿದೆ.

ಹೆಜ್ಜೆ 4: ಈಗ ಹಾರ್ಸ್‌ಪವರ್

ಇದಕ್ಕೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದೂ ಟಾರ್ಕೂ ಒಂದೇ ಲೆಕ್ಕದ ಎರಡು ಮುಖ. ನ್ಯೂಟನ್ ಮೀಟರ್ ಲೆಕ್ಕದ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. 4000 ಆರ್‌ಪಿಎಂನಲ್ಲಿ 200 ಇದ್ದರೆ 83.8 ಕಿಲೋವ್ಯಾಟ್, ಅಂದರೆ ಸುಮಾರು 112 ಹಾರ್ಸ್‌ಪವರ್.

ಇದು ಚಕ್ರದಲ್ಲಿ ಸಿಕ್ಕ ಪವರ್. ಕಂಪನಿ ಹೇಳುವುದು ಎಂಜಿನ್ನಿನ ಪವರ್. ನಡುವೆ ಗೇರ್‌ಬಾಕ್ಸ್ ಮತ್ತು ಟೈರ್ ತಿನ್ನುವುದನ್ನು 15 ಶೇಕಡಾ ಎಂದು ಕಣ್ಣುಮುಚ್ಚಿ ಸೇರಿಸುವವರಿದ್ದಾರೆ. ಎಂಜಿನ್ ಪವರ್ ಎರಡು ಪಟ್ಟಾದರೆ ಗೇರ್‌ಬಾಕ್ಸಿನ ನಷ್ಟವೂ ಎರಡು ಪಟ್ಟಾಗುವುದಿಲ್ಲ. ಚಕ್ರದ ಸಂಖ್ಯೆಯನ್ನು ಚಕ್ರದ ಸಂಖ್ಯೆಯ ಜೊತೆಗೇ ಹೋಲಿಸಿ.

ತುದಿಯ ಸಂಖ್ಯೆಗಿಂತ ಗೆರೆಯ ಕೆಳಗಿನ ಜಾಗ ನೋಡಿ. 6800ರಲ್ಲಿ 10 ಹಾರ್ಸ್‌ಪವರ್ ಬಂದು, 3000ದಿಂದ 5000ವರೆಗೆ 8 ಹೋಗಿದ್ದರೆ ದಿನನಿತ್ಯ ಓಡಿಸುವಾಗ ನೀವು ಕಳೆದುಕೊಂಡಿದ್ದೇ ಜಾಸ್ತಿ. ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿದ ಕಾರುಗಳಲ್ಲಿ ಇದು ಆಗಾಗ ಕಾಣುತ್ತದೆ.

ಹೆಜ್ಜೆ 5: ಮೊದಲು ಮತ್ತು ನಂತರ

ಬದಲಾವಣೆಗೆ ಮುಂಚೆಯೇ ಒಂದು ಡೈನೋ ಪ್ರಿಂಟ್ ಮಾಡಿಸಿಟ್ಟುಕೊಳ್ಳಿ. ಅದಿಲ್ಲದೆ ನಂತರದ ಪ್ರಿಂಟಿಗೆ ಅರ್ಥವೇ ಅರ್ಧ. ಅದೇ ಡೈನೋ, ಅದೇ ಗೇರ್, ಅದೇ ಟೈರ್ ಗಾಳಿ, ಅದೇ ಇಂಧನ ಇರಲಿ. ಒಂದಕ್ಕೊಂದು ಅನುಪಾತಕ್ಕೆ ಹತ್ತಿರದ ಗೇರ್ ಆರಿಸಿ, ಹಲವು ಐದು ಗೇರ್ ಕಾರುಗಳಲ್ಲಿ ಅದು ನಾಲ್ಕನೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇಂಟೇಕ್, ಎಕ್ಸಾಸ್ಟ್, ಮ್ಯಾಪ್ ಮೂರನ್ನೂ ಒಟ್ಟಿಗೆ ಮಾಡಿಸಿದರೆ ಯಾವುದು ಕೊಟ್ಟಿತು, ಯಾವುದು ಕಿತ್ತುಕೊಂಡಿತು ಎಂದು ಹೇಳಲು ಯಾರಿಗೂ ಆಗದು.

ಪ್ರತಿ ಸಲ ಮೂರು ರನ್ ಮಾಡಿಸಿ. ಮೂರೂ ಒಂದೆರಡು ಶೇಕಡಾ ಒಳಗೆ ಬಂದರೆ ಅಳತೆ ನಂಬಬಹುದು. ಒಂದಕ್ಕಿಂತ ಒಂದು ಇಳಿಯುತ್ತಾ ಹೋದರೆ ಎಂಜಿನ್ ಒಳಗೆ ಹೋಗುವ ಗಾಳಿ ಬಿಸಿಯಾಗುತ್ತಿದೆ. 3 ಡಿಗ್ರಿ ಬಿಸಿಗೆ ಗಾಳಿ ಸುಮಾರು 1 ಶೇಕಡಾ ತೆಳುವಾಗುತ್ತದೆ. ದೊಡ್ಡ ಫ್ಯಾನ್ ಇಡಿಸಿ, ನಡುವೆ ಬಿಡುವು ಕೊಡಿಸಿ. ಮೂರು ರನ್‌ಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ಪ್ರಿಂಟ್ ಕೊಟ್ಟರೆ ಉಳಿದ ಎರಡನ್ನೂ ಕೇಳಿ ತೆಗೆದುಕೊಳ್ಳಿ.

ರನ್ ನಡೆಯುವಾಗಲೇ ನಿಲ್ಲಿಸುವ ಗಡಿಯನ್ನು ಟ್ಯೂನರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಗುರಿ ಇಟ್ಟ ಲ್ಯಾಂಬ್ಡಾಕ್ಕಿಂತ 0.05 ಲೀನ್ ಆದರೆ ಕಾಲು ತೆಗೆಯಬೇಕು ಎಂಬುದು ನಾನು ಇಟ್ಟುಕೊಂಡ ಗಡಿ. ನಾಕಿಂಗ್ ಕೇಳಿದರೆ ಅಥವಾ ಪೆಟ್ರೋಲ್ ಒತ್ತಡ ಬೀಳಲು ಶುರುವಾದರೆ ಗಡಿಗೂ ಕಾಯಬಾರದು.

ಮನೆಗೆ ಬಂದ ಮೇಲೆ

ಪ್ರಿಂಟ್ ಜೊತೆ ಡೈನೋದ ಮೂಲ ಫೈಲನ್ನೂ ಇಸಿಯು ಲಾಗನ್ನೂ ಪಡೆದುಕೊಳ್ಳಿ. ಕಾಗದದ ಹಿಂದೆ ಅಂದಿನ ಇಂಧನ, ಬೂಸ್ಟ್, ಪ್ಲಗ್ ಗ್ಯಾಪ್, ಪೆಟ್ರೋಲ್ ಒತ್ತಡ ಬರೆದಿಡಿ. ಆಮೇಲೆ ಆಗೊಮ್ಮೆ ಈಗೊಮ್ಮೆ ಸ್ಕ್ಯಾನರ್ ಹಾಕಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ನೋಡುತ್ತಿರಿ. ಮಿಶ್ರಣ ಸರಿಯಿಡಲು ಇಸಿಯು ತಾನಾಗಿ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಳೆಯುತ್ತಿದೆ ಎಂದು ಅದು ಹೇಳುತ್ತದೆ. ಡೈನೋ ದಿನ 2 ಶೇಕಡಾ ಇದ್ದದ್ದು ಈಗ ಪ್ಲಸ್ 10 ಶೇಕಡಾ ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಎಂಎಎಫ್ ಕೊಳೆಯಾಗಿದೆ ಅಥವಾ ಪೆಟ್ರೋಲ್ ಕಡಿಮೆ ಬರುತ್ತಿದೆ. ಆದರೆ ನನ್ನ ಫಿಲ್ಟರಿನಂಥ ತೊಂದರೆ ಈ ಟ್ರಿಮ್‌ನಲ್ಲಿ ಕಾಣುವುದಿಲ್ಲ. ಅದು ಪೂರ್ತಿ ಒತ್ತಿದಾಗ ಮಾತ್ರ ಹೊರಬರುತ್ತದೆ. ಅದಕ್ಕೇ ನಾನು ಫಿಲ್ಟರ್ ಬದಲಾಯಿಸಿ ಅದೇ ಡೈನೋಗೆ ಮತ್ತೆ ಹೋದೆ. ತುದಿಯ ಸಂಖ್ಯೆ 2 ಹಾರ್ಸ್‌ಪವರ್ ಮಾತ್ರ ಏರಿತ್ತು. ಕೆಳಗಿನ ಗೆರೆ 0.87ರಲ್ಲಿ ಶುರುವಾಗಿ 6500ರವರೆಗೂ ಅಲ್ಲೇ ಇತ್ತು.